ಪ್ಲಂಬರನ ಮನೆಯ ಸೀಸದ ಎತ್ತು

ಘಾಟ್ಕೋಪರ್‌ನ ಸೊಸೈಟಿಯೊಂದರ ಸೆಕ್ರೆಟರಿ ನನ್ನನ್ನು 'ಏ ಪೈಪ್‌ವಾಲಾ' ಎಂದು ಕರೆದದ್ದೇ ಇದಕ್ಕೆಲ್ಲ ಮೊದಲು. ಐದನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು, ನಿಜ. ಆದರೆ ಮೂವತ್ತು ವರ್ಷ ಮೈಮುರಿದು ದುಡಿದು ಪ್ಲಂಬರ್ ಎನಿಸಿಕೊಂಡಿದ್ದೇನೆ. ಪ್ಲಂಬರ್ ಎಂಬ ಮಾತಿನ ಅರ್ಥವನ್ನೇ ಅವನ ಮುಖಕ್ಕೆ ಹೇಳಬೇಕೆಂದು, ಆಂಟಾಪ್ ಹಿಲ್‌ನ ಮನೆಗೆ ಬಂದವನೇ ಮಗಳಿಗೆ ಮೊಬೈಲ್‌ನಲ್ಲಿ ಹುಡುಕಲು ಹೇಳಿದೆ.

ಅದು ಇಂಗ್ಲಿಷಿಗಿಂತ ಹಳೆಯ ಮಾತಂತೆ. ರೋಮಿನವರು ಸೀಸಕ್ಕೆ ಪ್ಲಂಬಮ್ ಎನ್ನುತ್ತಿದ್ದರಂತೆ, ನೀರಿನ ಕೊಳವೆಗಳನ್ನೂ ಅದರಲ್ಲೇ ಮಾಡುತ್ತಿದ್ದರಂತೆ. ಸೀಸದ ಕೆಲಸದವನೇ ಪ್ಲಂಬರ್.

ನನ್ನ ಎದೆ ಉಬ್ಬಿತು. ಬೈಕುಲ್ಲಾದ ಹಳೆಯ ಬಿಲ್ಡಿಂಗುಗಳಲ್ಲಿ ಕಬ್ಬಿಣದ ಪೈಪುಗಳ ಸಂದಿಗೆ ಕಾದ ಸೀಸ ಹೊಯ್ದು ಕೆಲಸ ಕಲಿತವನು ನಾನು. ಈಗಿನವರು ಪ್ಲಾಸ್ಟಿಕ್ಕಿಗೆ ಗೋಂದು ಹಚ್ಚುತ್ತಾರೆ.

"ಹಂಗಾದ್ರ ಮುಂಬೈದಾಗ ಖರೇ ಪ್ಲಂಬರ್ ನಾ ಒಬ್ಬನ ಉಳದೀನಿ ನೋಡವಾ" ಎಂದೆ.

ಮಗಳು ನಗಲಿಲ್ಲ, ಮುಂದೆ ಓದುತ್ತಿದ್ದಳು. ಆಮೇಲೆ ಮೊಬೈಲ್ ಕೆಳಗಿಟ್ಟು, ನೆಲದ ಮೇಲೆ ಕೂತಿದ್ದ ತನ್ನ ಎರಡು ವರ್ಷದ ಕೂಸಿನ ಬಾಯಿಂದ ಪುಟ್ಟ ಎತ್ತಿನ ಗೊಂಬೆಯನ್ನು ಕಿತ್ತುಕೊಂಡಳು.

ಆ ಎತ್ತು ನಾನೇ ಮಾಡಿದ್ದು. ನಮ್ಮ ವಿಜಯಪುರದ ಕಡೆ ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನ ಜೋಡೆತ್ತು ಮಾಡಿ ಪೂಜಿಸುತ್ತೇವೆ. ಇಲ್ಲಿ ಎರೆಮಣ್ಣು ಎಲ್ಲಿಂದ ತರಲಿ? ಹಳೆಯ ಪೈಪಿನಿಂದ ಕೆತ್ತಿ ತೆಗೆದ ಸೀಸವನ್ನು ಮನೆಯಲ್ಲೇ ಕರಗಿಸಿ, ಮರಳಿನ ಅಚ್ಚಿಗೆ ಹೊಯ್ದಿದ್ದೆ. ಮಣ್ಣಿನ ಎತ್ತು ಒಡೆಯುತ್ತದೆ, ಇದು ಒಡೆಯುವುದಿಲ್ಲ ಎಂದು ನಮ್ಮ ಚಾಳಿನ ಎಲ್ಲ ಮನೆಯವರಿಗೂ ತೋರಿಸಿದ್ದೆ. ಪೂಜೆಯಾದ ಮೇಲೆ ಜೋಡಿಯಲ್ಲೊಂದು ಕೂಸಿನ ಆಟಿಕೆಯಾಗಿತ್ತು.

"ಅಪ್ಪಾ, ಸೀಸ ವಿಷ ಐತಿ. ಸಣ್ಣ ಕೂಸಿನ ತಲಿಗೆ ಹತ್ತತೈತಂತ. ಮಾತು ತಡಾ ಆಗತಾವಂತ."

"ಮೂವತ್ತು ವರ್ಷ ಮುಟ್ಟೀನಿ. ನನಗೇನಾಗೇತಿ?"

"ನೀ ನೆಕ್ಕಿಲ್ಲಲ್ಲ."

ಮರುದಿನ ಕೂಸಿನ ರಕ್ತ ತೆಗೆಸಿದೆವು. ರಿಪೋರ್ಟಿಗೆ ಮೂರು ದಿನ ಎಂದರು. ಆ ಮೂರು ದಿನ ನಾನು ಕೂಸಿನ ಮಾತು ಎಣಿಸಿದೆ. ಪಕ್ಕದ ಮನೆಯ ಅದೇ ವಯಸ್ಸಿನ ಮಗು ಹಿಂದಿಯಲ್ಲಿ ಜಗಳವಾಡುತ್ತದೆ. ನಮ್ಮದಕ್ಕೆ ಬರುವುದು ನಾಲ್ಕೇ ಮಾತು, ಅದರಲ್ಲಿ ಒಂದು 'ಎತ್ತ'. ಮೊದಲು, ಇದು ಮಿತಭಾಷಿ ಎಂದು ನಗುತ್ತಿದ್ದೆವು. ಕೆಲಸದಲ್ಲಿ ಕೈ ಓಡಲಿಲ್ಲ. ಸೆಕ್ರೆಟರಿ ಮತ್ತೆ 'ಪೈಪ್‌ವಾಲಾ' ಎಂದ. ಓಗೊಟ್ಟೆ.

ಸೀಸ ಇರಬೇಕಾದ್ದಕ್ಕಿಂತ ಹೆಚ್ಚಿದೆ, ಔಷಧಿ ಬೇಕಾಗುವಷ್ಟಿಲ್ಲ, ಮೂರು ತಿಂಗಳ ನಂತರ ಮತ್ತೆ ನೋಡೋಣ ಎಂದರು ಡಾಕ್ಟರು. ಮನೆಯಲ್ಲಿ ಯಾರದು ಏನು ಕೆಲಸ ಎಂದೂ ಕೇಳಿದರು. ಮಗಳು ನನ್ನ ಕಡೆ ನೋಡಿದಳು. ಪ್ಲಂಬರ್ ಎಂದೆ. ಡಾಕ್ಟರಿಗೆ ಕೇಳಿಸಲಿಲ್ಲ, ಎರಡನೇ ಸಲ ಹೇಳಬೇಕಾಯಿತು.

ಈಗ ಮನೆಯಲ್ಲಿ ಸೀಸದ ಚೂರೂ ಇಲ್ಲ. ಕೆಲಸದಿಂದ ಬಂದವನು ಕೂಸನ್ನು ಮುಟ್ಟದೆ ನೇರ ಬಚ್ಚಲಿಗೆ ಹೋಗುತ್ತೇನೆ. ಉಗುರಿನ ಸಂದಿಯವರೆಗೆ ತಿಕ್ಕುತ್ತಿರುವಾಗ ಕೂಸು ಹೊರಗಿನಿಂದ ಬಾಗಿಲು ಬಡಿಯುತ್ತದೆ. ಏನು ಹೇಳುತ್ತಿದೆ ಎಂದು ನಲ್ಲಿ ನಿಲ್ಲಿಸಿ ಕೇಳುತ್ತೇನೆ.