ಕನಾತು ಕಟ್ಟಿದ ಚಾಚಾ

ಮನುಷ್ಯ ಕಾಡು ಬಿಟ್ಟು ಊರು ಕಟ್ಟಿದ ದಿನದಿಂದ ಗೋಡೆಗಳೇ ಅವನ ನಾಗರಿಕತೆಯನ್ನು ಕಾಪಾಡಿಕೊಂಡು ಬಂದಿವೆ. ನಮ್ಮ ಗೋಡೆಯನ್ನು ಮಾತ್ರ ದಿನಾ ಸಂಜೆ ಬಿಚ್ಚಿ, ಮಡಚಿ, ತಳ್ಳುಗಾಡಿಯ ಮೇಲೆ ಹೇರಿಕೊಂಡು ಹೋಗುತ್ತಿದ್ದರು.

ಹೋದ ತಿಂಗಳು ಬಸವಕಲ್ಯಾಣದಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಜಾಗ ಸಿಗದೆ ಪಕ್ಕಕ್ಕೆ ಸರಿದು ನಿಂತಾಗ ಮೂಗಿಗೆ ಬಂದದ್ದು ಹುಗ್ಗಿಯ ವಾಸನೆಯಲ್ಲ, ಬೆನ್ನ ಹಿಂದಿದ್ದ ಕನಾತಿನದು. ಶಾಮಿಯಾನದ ಸುತ್ತ ಗೋಡೆಯಂತೆ ಕಟ್ಟುತ್ತಾರಲ್ಲ, ಆ ದಪ್ಪ ಬಟ್ಟೆ. ನುಸಿಗುಳಿಗೆ, ಬಾಡಿದ ಚೆಂಡುಹೂವು, ಯಾವುದೋ ಮದುವೆಯ ಒಗ್ಗರಣೆ, ಇನ್ಯಾವುದೋ ಮದುವೆಯ ಅತ್ತರು… ಎಲ್ಲ ಕೂಡಿ ಒಂದು ವಾಸನೆ. ನನ್ನ ವಯಸ್ಸಿನ ಹೆಂಗಸರಿಗೆ ಅದು ತಮ್ಮ ಮದುವೆಯನ್ನು ನೆನಪಿಸಬೇಕು. ನನಗೆ ಬ್ಯಾಸ್ಕೆಟ್‌ಬಾಲ್ ನೆನಪಾಯಿತು. ಪಕ್ಕದಲ್ಲಿದ್ದ ನಮ್ಮ ಯಜಮಾನರಿಗೆ ಇದನ್ನು ಹೇಳುವ ಅಗತ್ಯ ಕಾಣಲಿಲ್ಲ.

ಮೂವತ್ತು ವರ್ಷದ ಹಿಂದಿನ ಮಾತು. ಹುಮನಾಬಾದಿನಲ್ಲಿ ನಾನು ಪಿಯುಸಿಯಿಂದ ಡಿಗ್ರಿಯವರೆಗೆ ಓದಿದ ಕಾಲೇಜಿಗೆ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡವಿತ್ತು. ತಂಡವೆಂದರೆ ಏಳು ಮಂದಿ. ಐವರು ಆಡುವವರು, ಒಬ್ಬಳು ಬದಲಿ, ಇನ್ನೊಬ್ಬಳು ಉಳಿದವರ ಬಳೆಗಳನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಕೂರುವವಳು. ನಾನು ಕ್ಯಾಪ್ಟನ್. ಸಿಮೆಂಟಿನ ಅಂಗಳವೂ ಇತ್ತು. ಅದನ್ನು ಕಟ್ಟಿಸಿದ ದೂರದೃಷ್ಟಿಯ ಮಹನೀಯರು ಯಾರೋ ತಿಳಿಯದು, ಹೈದರಾಬಾದು–ಸೋಲಾಪುರ ಹೆದ್ದಾರಿಯ ಮಗ್ಗುಲಿಗೇ ಕಟ್ಟಿಸಿದ್ದರು. ನಾವು ಚೆಂಡು ಎತ್ತಿದರೆ ಲಾರಿಗಳು ನಿಧಾನವಾಗುತ್ತಿದ್ದವು. ಒಂದು ಸಂಜೆ ಸೋಲಾಪುರದ ಬಸ್ಸು ನಿಂತೇಬಿಟ್ಟಿತು. ಕಂಡಕ್ಟರ್ ಇಳಿದು ಬಂದು ಸ್ಕೋರು ಕೇಳಿದ. ಆ ಸುದ್ದಿ ನಾವು ಮನೆ ಮುಟ್ಟುವ ಮೊದಲೇ ಬಜಾರು ಮುಟ್ಟಿತು.

ಬಜಾರಿನಲ್ಲಿ ಅಪ್ಪನ ಬಟ್ಟೆ ಅಂಗಡಿ. ಮನೆಗೆ ಬಂದವರು ರೊಟ್ಟಿ ಮುರಿಯುತ್ತ, ನನ್ನ ಕಡೆ ನೋಡದೆ, "ನಾಳಿಂದ ಬ್ಯಾಡ" ಎಂದರು. ಅದೇ ಹೊತ್ತಿಗೆ ಇನ್ನೂ ನಾಲ್ಕು ಮನೆಗಳಲ್ಲಿ ನಾಲ್ಕು ಜನ ಅಪ್ಪಂದಿರು ಅದನ್ನೇ ಹೇಳಿದ್ದರಂತೆ. ನಮ್ಮ ಪಿ.ಟಿ. ಸರ್ ಮನೆಮನೆ ತಿರುಗಿದರು. ಎಲ್ಲ ಕಡೆ ಚಹಾ ಸಿಕ್ಕಿತು, ಅನುಮತಿ ಸಿಗಲಿಲ್ಲ. ಎಂಟು ದಿನ ಅಂಗಳದಲ್ಲಿ ಬರೇ ಹೋತಗಳು ತಿರುಗಿದವು.

ಒಂಬತ್ತನೆಯ ದಿನ ಅಪ್ಪನ ಅಂಗಡಿಗೆ ಚಾಚಾ ಬಂದರು. ಕಾಲೇಜಿನ ಹಿಂದೆ ಅವರ ಶಾಮಿಯಾನದ ಗೋದಾಮು. ಸುತ್ತಲ ಊರುಗಳ ಲಗ್ನಕ್ಕೆಲ್ಲ ಡೇರೆ, ಕನಾತು, ಕುರ್ಚಿ, ಹಂಡೆ ಅವರದೇ. ಕುಳ್ಳಗೆ, ಬಿಳಿ ಗಡ್ಡ, ಹೆಗಲ ಮೇಲೆ ಯಾವಾಗಲೂ ಒಂದು ಸುರುಳಿ ಹಗ್ಗ. ಅಂಗಡಿಯಲ್ಲಿ ನಡೆದದ್ದನ್ನು ಅಪ್ಪ ಮುಂದೆ ಎಷ್ಟು ಸಲ ಹೇಳಿದರೆಂದರೆ, ನಾನೇ ಕಟ್ಟೆಯ ಮೇಲೆ ಕೂತು ಕೇಳಿದ ಹಾಗೆ ಬರೆಯಬಲ್ಲೆ.

"ಸಾವ್ಕಾರ್ರ, ಎಂಟ ದಿನಾ ಆತು, ನನಗ ಮಧ್ಯಾಹ್ನ ನಿದ್ದಿ ಇಲ್ಲ" ಎಂದರಂತೆ ಚಾಚಾ.

"ಹಕೀಮರ ಕಡೆ ಹೋಗ್ರಿ ಭಾಯಿ. ನನ್ನ ಕಡೆ ಅರಿವಿ ಅದ, ದವಾ ಇಲ್ಲ."

"ಗೋದಾಮದಾಗ ಮಲಗಿದ್ರ ಹುಡಿಗೇರ ಬಾಲಿನ ಸಪ್ಪಳ ಕೇಳತಿತ್ರಿ. ಅದು ಕೇಳಿದ್ರನ ನಿದ್ದಿ. ಈಗ ಬಂದ್ ಆಗೇದ. ನಾಕೂ ಕಡಿ ಕನಾತ್ ಹೊಡೀತೀನಿ. ಒಳಗ ಹೆಣ್ಮಕ್ಕಳು, ಅವ್ರ ಮಾಸ್ತರ, ಸೀಟಿ ಊದಾವ್ರು, ಮುಗೀತು. ಹೊರಗಿನ ಕಣ್ಣು ಬೀಳೂದಿಲ್ಲ. ಜಾಮೀನು ನಾನು."

"ಮತ್ತ ನಿಮ್ಮ ಕಣ್ಣು?"

"ನಾ ಬಾಗಲದಾಗ ಕೂಡ್ತೀನ್ರಿ, ರಸ್ತಾದ ಕಡೀ ಮಾರಿ ಮಾಡಿ."

ಅಪ್ಪ ಒಪ್ಪಿದರಂತೆ. ಅವರನ್ನು ಒಪ್ಪಿಸಿದ್ದು ನಿದ್ದೆಯೂ ಅಲ್ಲ, ಜಾಮೀನೂ ಅಲ್ಲ. ಆ ಕನಾತಿನ ಬಟ್ಟೆಯನ್ನು ಚಾಚಾಗೆ ಮಾರಿದವರು ಅವರೇ. "ಆ ಅರಿವಿ ನಮ್ಮ ಅಂಗಡೀದು. ಬಿಸಲ ತೂರೂದಿಲ್ಲ, ಕಣ್ಣೆಲ್ಲಿ ತೂರ್ತಾವ" ಎಂದು ಮನೆಗೆ ಬಂದು ಅವ್ವನ ಮುಂದೆ ಹೇಳಿದರು. ನನಗೆ ಹೇಳಿದ ಕಾನೂನು ಬೇರೆ. "ಕನಾತ್ ಇದ್ದ ದಿನ ಆಡು. ಇಲ್ಲದ ದಿನ ಆಡಿದಿ ಅಂತ ಕಿವಿಗಿ ಬಿತ್ತಂದ್ರ ಆಟಾನೂ ಬಂದ್, ಕಾಲೇಜೂ ಬಂದ್."

ಹೀಗೆ ನಮ್ಮ ಕ್ರೀಡಾಂಗಣದ ಉದ್ಘಾಟನೆಯಾಯಿತು. ಅಭ್ಯಾಸಕ್ಕೆ ರಸ್ತೆಯ ಕಡೆ ಒಂದು ಹಳೆಯ ಕನಾತು, ಪಂದ್ಯವಿದ್ದರೆ ನಾಲ್ಕೂ ಕಡೆ ಹೊಸವು. ಕೆಂಪು, ಹಳದಿ, ಹಸಿರು ಪಟ್ಟೆ. ನಡುನಡುವೆ ಬಟ್ಟೆ ಕತ್ತರಿಸಿ ಹೊಲಿದ ದೊಡ್ಡ ಕಮಲಗಳು. ಬೀದರಿನಿಂದ ಬಂದ ಒಂದು ತಂಡ ಒಳಗೆ ಕಾಲಿಟ್ಟು, ವಧು ಎಲ್ಲಿ ಎಂಬಂತೆ ಸುತ್ತ ನೋಡಿತು. ಗಾಳಿ ಬಂದರೆ ನಾಲ್ಕು ಗೋಡೆಗಳೂ ಹೊಟ್ಟೆ ಉಬ್ಬಿಸಿ ಉಸಿರು ಬಿಡುತ್ತಿದ್ದವು. ಕನಾತಿಗೆ ಬಡಿದ ಚೆಂಡು ತಿರುಗಿ ಬರುತ್ತಿರಲಿಲ್ಲ, ಹತ್ತಿ ಮೂಟೆಗೆ ಬಡಿದ ಹಾಗೆ ಅಲ್ಲೇ ಕೆಳಗೆ ಕೂತುಬಿಡುತ್ತಿತ್ತು. ಬಂದವರಿಗೆ ಇದೆಲ್ಲ ಹೊಸದು, ನಮಗೆ ಮನೆ. ಉತ್ತರದ ಬೋರ್ಡಿನ ಹಿಂದೆ ಒಂದು ಹಳದಿ ಕಮಲ ಬರುವಂತೆಯೇ ಚಾಚಾ ಪ್ರತಿಸಲ ಕಟ್ಟುತ್ತಿದ್ದರು. ಅದರ ಎಡಗಡೆಯ ಎಸಳಿನ ಮೇಲೆ ಕಣ್ಣಿಟ್ಟು ಎಸೆದರೆ ಚೆಂಡು ರಿಂಗಿನೊಳಗೆ. ಈ ವಿದ್ಯೆ ಯಾವ ತರಬೇತಿ ಪುಸ್ತಕದಲ್ಲೂ ಇಲ್ಲ. ಎರಡು ವರ್ಷ ನಾವು ಆ ಅಂಗಳದಲ್ಲಿ ಯಾರಿಗೂ ಸೋಲಲಿಲ್ಲ.

ಒಳಗೆ ಪ್ರೇಕ್ಷಕರು ಅವ್ವಂದಿರು, ಕಾಕಿಯರು, ಹಾಸ್ಟೆಲಿನ ಹುಡುಗಿಯರು. ಕೆಲವರು ಮೊರದಲ್ಲಿ ತೊಗರಿ ಬೇಳೆ ತಂದು ಹಸನು ಮಾಡುತ್ತ ನೋಡುತ್ತಿದ್ದರು. ಫೌಲ್ ಆದಾಗ ಮಾತ್ರ ಮೊರ ಕೆಳಗಿಟ್ಟು ಬಯ್ಯುತ್ತಿದ್ದರು. ಚಾಚಾ ಬಾಗಿಲಲ್ಲಿ, ಸ್ಟೂಲಿನ ಮೇಲೆ, ನಮಗೆ ಬೆನ್ನು ಮಾಡಿ. ಒಮ್ಮೆಯೂ ತಿರುಗಿದವರಲ್ಲ. ಆದರೆ ಆಟ ಮುಗಿದು ಹಗ್ಗ ಬಿಚ್ಚುವಾಗ ಅವರ ಷರಾ ಕಾದಿರುತ್ತಿತ್ತು.

"ಬೇಟಿ, ಇವತ್ತ ನೀ ಬಾಲ್ ಭಾಳ ಕುಣಿಸಿದಿ. ಮೂರ ಸಲ ಕುಣಿಸೂ ಜಾಗಾದಾಗ ಐದ ಸಲ. ಯಾಕ, ನಾಚಿಕಿ ಬಂತೇನು?"

"ನೀವು ನೋಡೇ ಇಲ್ಲಲ್ಲ ಚಾಚಾ!"

"ನೋಡಿದಾಂವ ನಿಮ್ಮ ಮಾಸ್ತರ. ಅಂವ ಏನಂದ?"

ಪಿ.ಟಿ. ಸರ್ ಅದನ್ನೇ ಅಂದಿರುತ್ತಿದ್ದರು, ಇಂಗ್ಲಿಷಿನಲ್ಲಿ. ಏಳೂ ಮಂದಿಯ ಚೆಂಡಿನ ಸಪ್ಪಳ ಚಾಚಾಗೆ ಬೇರೆಬೇರೆಯಾಗಿ ಗೊತ್ತಿತ್ತು. ರಾಜೇಶ್ವರದಿಂದ ಬಸ್ಸಿನಲ್ಲಿ ಬರುತ್ತಿದ್ದ ನಮ್ಮ ಎತ್ತರದ ಹುಡುಗಿಗೆ, "ನಿನ್ನ ಎಡಗಾಲು ನೋಯಾಕತ್ತೇದ, ಎಣ್ಣಿ ಹಚ್ಚು" ಎಂದಿದ್ದರು. ಅವಳು ಅದನ್ನು ನಮಗ್ಯಾರಿಗೂ ಹೇಳಿರಲಿಲ್ಲ.

ಕನಾತು ಬಂದ ಮೂರನೆಯ ವರ್ಷ ಫೈನಲ್ ನಮ್ಮ ಅಂಗಳದಲ್ಲೇ ಬಿತ್ತು. ಎದುರಾಳಿ ಬಸವಕಲ್ಯಾಣದ ಕಾಲೇಜು. ಈ ಎರಡು ಊರುಗಳ ನಡುವಿನ ದಾರಿ ಒಂದು ತಾಸಿನದೂ ಅಲ್ಲ, ಆದರೆ ಹುಡುಗಿಯರ ಬ್ಯಾಸ್ಕೆಟ್‌ಬಾಲಿನ ವಿಷಯದಲ್ಲಿ ನಮ್ಮ ನಡುವೆ ಒಂದು ಅಂತರರಾಷ್ಟ್ರೀಯ ಗಡಿಯಿತ್ತು.

ಚಾಚಾ ಯಾವುದನ್ನೂ ಬರೆದಿಡುತ್ತಿರಲಿಲ್ಲ. ಮೂರು ಪಂಚಾಂಗಗಳು ಅವರ ತಲೆಯೊಳಗೆ ಜಗಳವಿಲ್ಲದೆ ಬಾಳುತ್ತಿದ್ದವು. ಕೊಡಂಬಲದ ಗೌಡರು ಲಗ್ನಕ್ಕೆ "ಮಾಘ ಶುದ್ಧ ಪಂಚಮಿ" ಎಂದು ಹೇಳಿಹೋಗಿದ್ದರು. ಮಂಠಾಳದ ಒಂದು ನಿಕಾಹಕ್ಕೆ "ಶಾಬಾನ್ ಚಂದ್ರನ ಐದು" ಎಂದು ಬಂದಿತ್ತು. ನಮ್ಮ ಕಾಲೇಜು ಇಂಗ್ಲಿಷ್ ತಾರೀಖು ಕೊಟ್ಟಿತ್ತು. ಮೂರೂ ಒಂದೇ ದಿನ ಎಂಬುದು ಅವರಿಗೆ ತಿಳಿದದ್ದು ಆ ದಿನ ಬೆಳಗ್ಗೆ, ನಮಗಾಗಿ ಗೋದಾಮಿನ ಬಾಗಿಲು ತೆಗೆದಾಗ. ಹಿಂದಿನ ದಿನವೇ ಅರ್ಧ ಸಾಮಾನು ಕೊಡಂಬಲಕ್ಕೆ, ಅರ್ಧ ಮಂಠಾಳಕ್ಕೆ ಹೋಗಿತ್ತು. ಅಭ್ಯಾಸದ ಹಳೆಯ ಕನಾತನ್ನೂ ಅಡುಗೆಯವರ ಮರೆಗೆಂದು ಒಯ್ದಿದ್ದರು. ಉಳಿದದ್ದು ಕೆಲವು ಬಿದಿರಿನ ಕಂಬ ಮತ್ತು ಒಂದು ವರನ ಕುರ್ಚಿ.

ಮಧ್ಯಾಹ್ನ ನಾವು ಅಂಗಳಕ್ಕೆ ಬಂದಾಗ ಸುತ್ತಲೂ ಕಂಬಗಳು ನಿಂತಿದ್ದವು, ಗೆರೆ ಹೊಡೆದ ಹಾಗೆ ನೆಟ್ಟಗೆ. ಬಟ್ಟೆ ಇರಲಿಲ್ಲ. ಕಂಬಗಳ ಆಚೆ ಹೆದ್ದಾರಿ, ಹೆದ್ದಾರಿಯ ತುಂಬ ಜನ.

"ಇದೇನ್ ಚಾಚಾ?" ಎಂದೆ.

"ತಪ್ಪ ಆಗೇದ ಬೇಟಿ" ಎಂದರು. ಅಷ್ಟೇ. ನೆಪ ಹೇಳಲಿಲ್ಲ.

ಬಸವಕಲ್ಯಾಣದವರು ಆಗಲೇ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಕಲಬುರಗಿಯಿಂದ ಬಂದ ಅಂಪೈರುಗಳು ಗಡಿಯಾರ ನೋಡುತ್ತಿದ್ದರು. ಉಳಿದ ಹುಡುಗಿಯರ ಮನೆಯವರು ಅಷ್ಟು ಹೊತ್ತಿಗೆ ಸಡಿಲಾಗಿದ್ದರು. ಅಪ್ಪನ ಕಾನೂನು ಮಾತ್ರ ಸಡಿಲಾಗಿರಲಿಲ್ಲ. ಆಡಿದರೆ ನಾಳೆಯಿಂದ ಕಾಲೇಜಿಲ್ಲ. ಪಿ.ಟಿ. ಸರ್ ಮೆಲ್ಲಗೆ, "ನೀ ಕೂಡವಾ. ಬದಲಿ ಹುಡುಗಿ ಆಡ್ಲಿ" ಎಂದರು. ನಾನು ಬಳೆ ತೊಡಲು ಶುರುಮಾಡಿದೆ.

"ಸರ್, ಅರ್ಧಾ ತಾಸ ಕೊಡ್ರಿ" ಎಂದು ಚಾಚಾ ಸೈಕಲ್ ಹತ್ತಿ ಹೋದರು. ನೇರ ಅಪ್ಪನ ಅಂಗಡಿಗೆ.

"ಸಾವ್ಕಾರ್ರ, ಇವತ್ತ ಕನಾತ್ ಇಲ್ಲ."

"ಹಂಗಾದ್ರ ಆಟಾನೂ ಇಲ್ಲ."

"ಅದನ್ನ ನಾ ಹ್ಯಾಂಗ ಹೇಳ್ಲಿ? ಜಾಮೀನ ಬಿದ್ದಾಂವ ನಾ ತಪ್ಪೀನಿ. ನನ್ನ ಮಾತಿಗಿ ಈಗ ತೂಕ ಇಲ್ಲ. ನೀವ ಬಂದು ಹೇಳ್ರಿ."

ಅಪ್ಪ ಗಿರಾಕಿಯ ಮುಂದೆ ಹರಡಿದ್ದ ಸೀರೆಯನ್ನು ಹಾಗೇ ಬಿಟ್ಟು ಎದ್ದು ಬಂದರು. ಧೋತರ, ಕರಿ ಟೊಪ್ಪಿಗೆ, ಕೈಯಲ್ಲಿ ಬಟ್ಟೆ ಅಳೆಯುವ ಗಜಕಡ್ಡಿ. ಸಿಟ್ಟಿನಲ್ಲಿ ಅದನ್ನು ಇಟ್ಟು ಬರಲು ಮರೆತಿದ್ದರು. ಜನ ದಾರಿ ಬಿಟ್ಟರು. "ಬರ್ರಿ ಸಾವ್ಕಾರ್ರ, ಕ್ಯಾಪ್ಟನ್ ನಿಮ್ಮ ಮಗಳಂತಲ್ಲ!" ಎಂದು ಯಾರೋ ಗೌರವದಿಂದಲೇ ಕೂಗಿದರು. ಅಂಗಳದ ನಡುಗೆರೆಯ ಹತ್ತಿರ ಚಾಚಾ ಆ ವರನ ಕುರ್ಚಿಯನ್ನು ತಂದಿಟ್ಟಿದ್ದರು. ಕೆಂಪು ಮಖಮಲ್ಲು, ಬಂಗಾರದ ಬಣ್ಣ, ಎರಡೂ ಕೈಗಳಿಗೆ ಸಿಂಹದ ಮುಖ.

"ಇದ್ಯಾಕ?" ಎಂದರು ಅಪ್ಪ.

"ನಿಲ್ಲಸೂದಿದ್ರ ನಿಂತ ಹೇಳ್ರಿ. ನೋಡೂದಿದ್ರ ಕೂತ ನೋಡ್ರಿ. ಎರಡಕ್ಕೂ ತಯಾರಿ ಮಾಡೀನಿ" ಎಂದು ಚಾಚಾ ತಮ್ಮ ಸ್ಟೂಲಿಗೆ ಹೋಗಿ, ಎಂದಿನಂತೆ, ರಸ್ತೆಯ ಕಡೆ ಮುಖ ಮಾಡಿ ಕೂತರು.

ಅಪ್ಪ ನಿಂತರು. ನನ್ನನ್ನು ನೋಡಿದರು. ಸಲ್ವಾರಿನ ಕಾಲನ್ನು ಮೇಲೆ ಮಡಚಿಕೊಂಡು, ಒಂದು ಕೈಗೆ ಬಳೆ, ಇನ್ನೊಂದು ಕೈ ಬರಿದು… ಆಮೇಲೆ ಅಪ್ಪ ಕೂತರು. ಇದರ ಬಗ್ಗೆ ಅವರ ಅಧಿಕೃತ ಹೇಳಿಕೆ ಕೊನೆಯವರೆಗೂ ಒಂದೇ ಆಗಿತ್ತು: "ಮೊಣಕಾಲ ನೋಯಾಕತ್ತಿತ್ತು. ಅದಕ್ಕ ಕೂತೆ."

ನಾನು ಬಳೆ ತೆಗೆದೆ.

ಆ ದಿನದ ಆಟವನ್ನು ಅಮರಗಾಥೆಯಾಗಿ ಬರೆಯುವ ಆಸೆಯಿದೆ. ಸತ್ಯ ಅಡ್ಡ ಬರುತ್ತದೆ. ಮೊದಲ ಅರ್ಧದಲ್ಲಿ ನಾನು ಒಂದೂ ಬುಟ್ಟಿ ಹಾಕಲಿಲ್ಲ. ಹಳದಿ ಕಮಲ ಕೊಡಂಬಲದಲ್ಲಿ ಯಾರದೋ ಊಟದ ಹಿಂದೆ ತೂಗುತ್ತಿತ್ತು. ಇಲ್ಲಿ ಬೋರ್ಡಿನ ಹಿಂದೆ ಬರೇ ಆಕಾಶ. ಅಷ್ಟು ಆಕಾಶದಲ್ಲಿ ಎಲ್ಲಿಗೆ ಗುರಿಯಿಡುವುದು? ಎರಡನೆಯ ಅರ್ಧದಲ್ಲಿ ಆಕಾಶ ರೂಢಿಯಾಯಿತು. ಹದಿನಾರು ಅಂಕ ಹಿಂದಿದ್ದವರು ಮೂರಕ್ಕೆ ಬಂದೆವು. ಕೊನೆಯ ನಿಮಿಷ ನಾನು ರಿಂಗಿನ ಕೆಳಗೆ ಚೆಂಡು ಎತ್ತಿದಾಗ ಬಸವಕಲ್ಯಾಣದ ಗಟ್ಟಿಮುಟ್ಟು ಹುಡುಗಿಯೊಬ್ಬಳು ನನ್ನ ಮುಂಗೈಗೆ ಬಾರಿಸಿದಳು. ಸೀಟಿ ಬರಲಿಲ್ಲ. ಮೂರು ಅಂಕದಿಂದ ಸೋತೆವು.

ಮನೆಗೆ ಹೋಗುವಾಗ ಅಪ್ಪ ಮುಂದೆ, ನಾನು ಹಿಂದೆ. ಬಜಾರು ದಾಟಿದೆವು. ಕಾಲೇಜು ಮುಗಿಯಿತು ಎಂದುಕೊಂಡೆ. ಅಪ್ಪ ಗಕ್ಕನೆ ನಿಂತು, ಗಜಕಡ್ಡಿಯನ್ನು ನನ್ನ ಕಡೆ ಎತ್ತಿದರು.

"ಆ ದಪ್ಪನ ಹುಡಿಗಿ ನಿನ್ನ ಕೈ ಹೊಡದ್ಲು. ಇಡೀ ಊರು ನೋಡೇದ. ಸೀಟಿ ಹಿಡಕೊಂಡ ನಿಂತಿದ್ನಲ್ಲ, ಅಂವನ ಕಣ್ಣಿಗೇನಾಗಿತ್ತು?"

"ಗೊತ್ತಿಲ್ಲಪ್ಪಾ."

"ಹಿಂಗ ಬಿಟ್ರ ಹ್ಯಾಂಗ? ನಾಳಿ ಪ್ರಾಕ್ಟೀಸ್ ಎಷ್ಟಕ್ಕ?"

ಅಂದಿನಿಂದ ಕನಾತಿನ ಪ್ರಸ್ತಾಪ ನಮ್ಮ ಮನೆಯಲ್ಲಿ ಬರಲಿಲ್ಲ. ಕಾಲೇಜೂ ತರಿಸುವುದನ್ನು ಬಿಟ್ಟಿತು. ಚಾಚಾ ಮಾತ್ರ ಬರುವುದನ್ನು ಬಿಡಲಿಲ್ಲ. ಕಾಯಲು ಗೋಡೆಯಿಲ್ಲ, ಬಾಗಿಲಿಲ್ಲ. ಆದರೂ ಅದೇ ಜಾಗದಲ್ಲಿ ಸ್ಟೂಲು, ಅದೇ ಬೆನ್ನು. ಒಮ್ಮೆ ನಾನು, "ಈಗರೆ ಈ ಕಡೆ ತಿರುಗ್ರಿ ಚಾಚಾ, ಯಾರೂ ಬ್ಯಾಡ ಅನ್ನೂದಿಲ್ಲ" ಎಂದೆ.

"ಸುಮ್ನಿರು ಬೇಟಿ. ನಾ ತಿರುಗಿದ್ರ ನಿಮ್ಮ ಆಟ ಕೆಡ್ತದ."

ಅವರು ನಮ್ಮ ಒಂದು ಬುಟ್ಟಿಯನ್ನೂ ನೋಡಲಿಲ್ಲ…

ಮದುವೆಯಲ್ಲಿ ಹಗ್ಗ ಬಿಗಿಯುತ್ತಿದ್ದ ಮಧ್ಯವಯಸ್ಸಿನ ಒಬ್ಬರನ್ನು, ಹುಮನಾಬಾದಿನ ಶಾಮಿಯಾನದ ಚಾಚಾ ಹೇಗಿದ್ದಾರೆ ಎಂದು ಕೇಳಿದೆ. "ಅವ್ರು ನಮ್ಮ ಮಾವ ಆಗಬೇಕ್ರಿ. ಹೋಗಿ ಎರಡ ವರ್ಷ ಆತು" ಎಂದರು. ನೀವ್ಯಾರು ಎಂದು ಕೇಳಿದರು. ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದ ಮೇಲೆ ಹುಮನಾಬಾದಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಬಸ್ಸು ಆ ಗೋದಾಮಿನ ಮುಂದೆಯೇ ಹಾಯುತ್ತದೆ. ಒಮ್ಮೆಯೂ ಇಳಿಯಲಿಲ್ಲ. ಇದಕ್ಕೆ ನನ್ನ ಬಳಿ ಸಮಜಾಯಿಷಿಯಿಲ್ಲ. ಮೊಣಕಾಲಿನ ನೋವೂ ಇರಲಿಲ್ಲ.

ಆ ಸೋಲಿನ ಮರುವರ್ಷ, ನಾನು ಕಾಲೇಜು ಬಿಡುವ ವರ್ಷ, ಫೈನಲ್ ಮತ್ತೆ ನಮ್ಮ ಅಂಗಳದಲ್ಲೇ ನಡೆಯಿತು. ಕನಾತಿರಲಿಲ್ಲ, ಸ್ಟೂಲಿನ ಮೇಲೆ ಚಾಚಾರ ಬೆನ್ನಿತ್ತು. ನಾನು ಪೂರ್ತಿ ಆಡಿದೆ. ಬಸವಕಲ್ಯಾಣ ಒಂಬತ್ತು ಅಂಕದಿಂದ ಸೋತಿತು.