ಒಳಗಿನ ಗಾಜಿನ ಕುಂಕುಮ

ಕ್ಯಾಮೆರಾ ಎಂದರೆ ಮದುವೆಮನೆಗೆ ಬಂದುಹೋಗುವ ವಸ್ತು ಎಂದು ನಾವು ತಿಳಿದಿದ್ದ ಕಾಲವದು. ಕೊಂಕಲ್ ಕಡೆಯ ನಮ್ಮ ಸಣ್ಣ ಊರಿನಲ್ಲಿ ಸ್ವಂತ ಡಿಜಿಟಲ್ ಕ್ಯಾಮೆರಾ ಇದ್ದದ್ದು ಶಾಲೆಯ ಮಾಸ್ತರನಾಗಿದ್ದ ನನ್ನ ಅಪ್ಪನ ಬಳಿ ಮಾತ್ರ. ನನಗಾಗ ಒಂಬತ್ತು ವರ್ಷ. ಆ ದಸರಾ ರಜೆಯ ನೆನಪಾದಾಗಲೆಲ್ಲ ಹಬ್ಬದ ತುಪ್ಪದ ವಾಸನೆ ಮೊದಲು ಬರುತ್ತದೆ, ಆಮೇಲೆ ಆಯಾಸ.

ಶಾಲೆಯ ಅಡುಗೆಕೋಣೆಗೆ ಹೊಂದಿಕೊಂಡು ಎತ್ತರದ ನೀರಿನ ಟಾಕಿ ಇತ್ತು. ನಮ್ಮ ಬಿಸಿಲಿನಲ್ಲಿ ನೆರಳೆಂದರೆ ಅದೊಂದೇ. ಕುಂಟೆಬಿಲ್ಲೆಯ ಮನೆಗಳನ್ನು ನಾವು ಅದರ ಬುಡದಲ್ಲೇ ಗೀಚುತ್ತಿದ್ದೆವು. ಅಡುಗೆಯ ನಾಗಮ್ಮ ಆಯಿ ಅಲ್ಲೇ ಕುಳಿತು ಪಾತ್ರೆ ತಿಕ್ಕುತ್ತಿದ್ದಳು. ಬಿಸಿಯೂಟದ ಅನ್ನ ಇಳಿಸಿದ ಮೇಲೆ ಉಳಿದ ಕೆಂಡದಲ್ಲಿ ತನಗೆಂದು ಎರಡು ಜೋಳದ ರೊಟ್ಟಿ ಬಡಿಯುವಳು. ಆ ಸದ್ದು ಕೇಳಿದರೆ ಸಾಕು, ಆಟ ಬಿಟ್ಟು ಓಡುತ್ತಿದ್ದೆವು. ಎರಡರಲ್ಲಿ ಒಂದೂವರೆ ರೊಟ್ಟಿ, ಶೇಂಗಾ ಹಿಂಡಿಯ ಸಮೇತ, ನಮ್ಮ ಹೊಟ್ಟೆಗೇ ಹೋಗುತ್ತಿತ್ತು.

ಆ ಟಾಕಿಯ ತಲೆಯ ಕೆಳಗೆ ಬಿರುಕು ಬಿಟ್ಟಿತ್ತು. ಅಪ್ಪ ದೂರು ಬರೆದರೆ, ರಜೆ ಮುಗಿಯುವುದರೊಳಗೆ ಫೋಟೊ ಲಗತ್ತಿಸಿ ಕೊಡಿ ಎಂದು ತಾಲ್ಲೂಕು ಕಚೇರಿಯಿಂದ ಉತ್ತರ ಬಂತು. ಕ್ಯಾಮೆರಾದ ಜೂಮ್ ಅಷ್ಟೆತ್ತರಕ್ಕೆ ಎಟುಕಲಿಲ್ಲ. ಅಪ್ಪ ರಂಗಂಪೇಟೆಯ ಸ್ಟುಡಿಯೊದ ಮಹಬೂಬ ಚಾಚಾನಿಂದ ಜೋಡು ಲೆನ್ಸು ಎರವಲು ತಂದರು. ಕ್ಯಾಮೆರಾದ ಮೂತಿಗೊಂದು ಕೊಳವೆ, ಆ ಕೊಳವೆಯ ತುದಿಗೆ ತಿರುಗಿಸಿ ಕೂರಿಸುವ ದಪ್ಪ ಗಾಜು. ದೂರದ್ದನ್ನು ಹತ್ತಿರ ತರುವ ಸಾಧನ. ಚಾಚಾ ಅಪ್ಪನಿಗೆ ಪಾಠ ಒಪ್ಪಿಸಿದಂತೆ ಹೇಳಿ ಕಳುಹಿಸಿದ್ದರು: ಜೂಮ್ ಪೂರ್ತಿ ಎಳೆಯಬೇಕು, ಇಲ್ಲದಿದ್ದರೆ ಚಿತ್ರದ ಮೂಲೆಗಳು ಕಪ್ಪಾಗುತ್ತವೆ, ಹತ್ತಿರದ ಫೋಟೊಗೆಂದು ಇರುವ ಹೂವಿನ ಗುರುತು ಆರಿರಬೇಕು, ಲೆನ್ಸು ಓರೆಯಾಗಿ ಕೂತರೆ ಅರ್ಧ ಚಿತ್ರ ಮಸುಕು.

ಅವರು ಹೇಳದೆ ಬಿಟ್ಟದ್ದು ಒಂದೇ. ಅದು ಯಾರಿಗಾದರೂ ಹೊಳೆಯುವುದು ಹೇಗೆ?

ಮರುದಿನ ಖಂಡೆಪೂಜೆ, ಅಂದರೆ ಆಯುಧಪೂಜೆ. ಕುಡಗೋಲು, ಅವ್ವನ ಹೊಲಿಗೆ ಯಂತ್ರ, ಅಪ್ಪನ ಸೈಕಲ್ಲು, ಪೆನ್ನು, ಕ್ಯಾಮೆರಾ, ಎಲ್ಲವೂ ಸಾಲಾಗಿ ಕೂತವು. ಕುಂಕುಮ ಹಚ್ಚುವ ಕೆಲಸ ನನ್ನದು. ಜೋಡು ಲೆನ್ಸು ಬೋರಲಾಗಿ, ಕ್ಯಾಮೆರಾದ ಕಡೆಗಿರುವ ಒಳಗಾಜು ಮೇಲೆ ಮಾಡಿ ಕೂತಿತ್ತು. ದುಂಡಗೆ ಹೊಳೆಯುವ ಹಣೆಯಂತೆ ಕಂಡಿತು. ನಡುವೆ ಸರಿಯಾಗಿ ಒಂದು ಬೊಟ್ಟು ಇಟ್ಟೆ. ಸಂಜೆ ಅವ್ವ ಎಲ್ಲ ಒರೆಸಿಡಲು ಹೇಳಿದಾಗ, ಹೋಳಿಗೆಯ ತುಪ್ಪ ಮೆತ್ತಿದ್ದ ಹೆಬ್ಬೆರಳಿನಿಂದಲೇ ಆ ಬೊಟ್ಟನ್ನು ತಿಕ್ಕಿದೆ. ಹೋಯಿತು ಎಂದುಕೊಂಡೆ.

ಮರುದಿನ ಅಪ್ಪ ಲೆನ್ಸು ಕೂರಿಸಿ ಟಾಕಿಯ ಕೆಳಗೆ ನಿಂತರು. ಕ್ಯಾಮೆರಾ ಕುಂಯ್‌ಗುಟ್ಟುತ್ತ ಹಿಂದೆ ಮುಂದೆ ಸರಿಯಿತು. ಹಸಿರು ಚೌಕ ಬರಬೇಕಾದಲ್ಲಿ ಕೆಂಪು ಚೌಕ ಮಿಣುಕಿತು. ಚಿತ್ರದಲ್ಲಿ ಟಾಕಿ ಹಾಲಿನಲ್ಲಿ ಅದ್ದಿದ ಹಾಗಿತ್ತು. ಅಪ್ಪ ಜೂಮ್ ಪೂರ್ತಿ ಎಳೆದರು, ಹೂವಿನ ಗುರುತು ನೋಡಿದರು, ಕೊಳವೆ ಬಿಗಿ ಮಾಡಿದರು, ಹೊರಗಾಜನ್ನು ಧೋತರದ ಚುಂಗಿನಿಂದ ಒರೆಸಿದರು, ಕೈ ನಡುಗಬಾರದೆಂದು ಕ್ಯಾಮೆರಾವನ್ನು ಗೋಡೆಯ ಮೇಲಿಟ್ಟರು. ಮೂರು ದಿನ ಇದೇ ನಡೆಯಿತು. ಇದು ನನ್ನ ಬೊಟ್ಟಿನ ಕೆಲಸ ಎಂದು ನನಗೆ ಮೊದಲ ದಿನವೇ ಗೊತ್ತಾಗಿತ್ತು. ಬೈಗುಳಕ್ಕೆ ಹೆದರಿ ಸುಮ್ಮನಿದ್ದೆ.

ಗಡುವಿನ ದಿನ ಅಪ್ಪ ಇದ್ದುದರಲ್ಲಿ ಒಂದನ್ನು ಆರಿಸಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿ, ನನ್ನನ್ನೂ ಕರೆದುಕೊಂಡು ಕಚೇರಿಗೆ ಹೋದರು. ಗುಮಾಸ್ತರಿಗೆ ಮೊದಲು ಬನ್ನಿ ಎಲೆ ಕೊಟ್ಟು, ಆಮೇಲೆ ಅರ್ಜಿ ಕೊಟ್ಟರು. ಅವರು ಬನ್ನಿಯನ್ನು ಕಣ್ಣಿಗೊತ್ತಿ ಜೇಬಿನಲ್ಲಿಟ್ಟು, ಫೋಟೊವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಮಾಸ್ತರ, ಇದರಾಗ ಬಿರುಕು ಎಲ್ಲೈತ್ರಿ? ಮಂಜು ಕವಿದಂಗ ಐತಿ."

"ಒಮ್ಮಿ ಬಂದು ನೋಡ್ರಿ ಸಾಹೇಬ್ರ. ಬಸ್ಸಿಗೆ ಅರ್ಧಾ ತಾಸಿನ ದಾರಿ."

"ಫೋಟೊದಾಗ ಕಂಡ್ರ ಬರ್ತೀವಿ."

ಹೊರಬಂದು ಬಸ್ಸು ಹತ್ತಿದೆವು. ನೇರ ರಂಗಂಪೇಟೆಗೆ ಹೋದೆವು. ಚಾಚಾ ಒಂದೊಂದಾಗಿ ಎಲ್ಲ ವಿಚಾರಿಸಿ, ಕೊನೆಗೆ ಲೆನ್ಸು ಬಿಚ್ಚಿ ಒಳಗಾಜನ್ನು ಬೆಳಕಿಗೆ ಹಿಡಿದರು. ತುಪ್ಪದಲ್ಲಿ ಕಲಸಿದ ತೆಳು ಕೆಂಪು, ಅದರೊಳಗೆ ಒಂದು ಸಣ್ಣ ಹೆಬ್ಬೆರಳಿನ ಸುತ್ತುಗಳು.

"ಯಾ ಅಲ್ಲಾ," ಎಂದು ಚಾಚಾ ನಕ್ಕರು. "ಮೂವತ್ತು ವರ್ಷದಾಗ ಲೆನ್ಸಿಗೆ ಧೂಳ ನೋಡೀನಿ, ಬೂಷ್ಟು ನೋಡೀನಿ. ಮುತ್ತೈದಿ ಲೆನ್ಸು ಇದೇ ಮೊದಲ ನೋಡಾಕತ್ತೀನಿ, ಮಾಸ್ತರ."

ಅಪ್ಪ ನನ್ನ ಕಡೆ ನೋಡಿದರು. ಬೈಯಲಿಲ್ಲ. "ಮೊದಲ ದಿನಾನೇ ಹೇಳಬೇಕಿತ್ತವ್ವ" ಎಂದರು, ಅಷ್ಟೇ. ಆ ಮಾತು ಇನ್ನೂ ನನ್ನ ಬೆನ್ನ ಹಿಂದೆ ನಡೆಯುತ್ತದೆ.

ಮರುದಿನದ ಚಿತ್ರ ಕಣ್ಣು ಚುಚ್ಚುವಷ್ಟು ಸ್ಪಷ್ಟವಾಗಿತ್ತು. ಬಿರುಕಿನೊಳಗಿನ ಕಬ್ಬಿಣದ ತುಕ್ಕಿನ ಚುಕ್ಕೆಗಳನ್ನೂ ಎಣಿಸಬಹುದಿತ್ತು. ಅಪ್ಪ ಅದನ್ನೂ ಒಯ್ದು ಕೊಟ್ಟರು. ಹಳೆಯ ಅರ್ಜಿ ಮುಗಿದಿದೆ, ಹೊಸದಾಗಿ ಬರೆಯಿರಿ ಎಂದರು ಗುಮಾಸ್ತರು, ಅಪ್ಪ ಬರೆದರು. ಸಾಹೇಬರು ರಜೆಯಲ್ಲಿದ್ದಾರೆ ಎಂದರು, ಅಪ್ಪ ಕಾದರು. ಕಡಲೆ ಕೀಳುವ ಹೊತ್ತಿಗೆ, ಒಂದು ಮಧ್ಯಾಹ್ನ ನಾವೆಲ್ಲ ತರಗತಿಯೊಳಗಿದ್ದಾಗ, ಟಾಕಿಯ ಸಿಮೆಂಟಿನ ಹೆಂಟೆ ಕಳಚಿ ಪಾತ್ರೆ ತಿಕ್ಕುತ್ತಿದ್ದ ನಾಗಮ್ಮ ಆಯಿಯ ಬಲಭುಜದ ಮೇಲೆ ಬಿತ್ತು. ಜೀವ ಉಳಿಯಿತು. ಕೈ ಮೇಲೇಳಲಿಲ್ಲ.

ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಮೇಲೆ, ಮಾಹಿತಿ ಹಕ್ಕಿನಡಿ ನಾನು ಆ ಕಡತದ ಪ್ರತಿ ಕೇಳಿದೆ. ಅಲೆದಾಟ ಬಹಳವಾಯಿತು, ಆದರೆ ಸಿಕ್ಕಿತು. ಅದರಲ್ಲಿರುವುದು ಒಂದೇ ಫೋಟೊ: ಮೊದಲನೆಯದು, ಮಂಜಿನದು. ಕೆಳಗೆ ದುಂಡಗಿನ ಅಕ್ಷರದಲ್ಲಿ ಷರಾ: "ಬಿರುಕು ಕಂಡುಬಂದಿರುವುದಿಲ್ಲ." ಎರಡನೆಯ ಅರ್ಜಿಯ ಸುಳಿವೇ ಇಲ್ಲ. ಕಾಣುವುದನ್ನು ಕಾಣದಂತೆ ಇಟ್ಟವರು ಯಾರು? ಅರ್ಧ ತಾಸಿನ ದಾರಿಗೆ ಕಾಲೆತ್ತದವರು ಯಾರು? ಈ ಪ್ರಶ್ನೆಗಳನ್ನು ಲಿಖಿತವಾಗಿ ಕೇಳಿದ್ದೇನೆ, ಮೇಲ್ಮನವಿಯಲ್ಲೂ ಕೇಳಿದ್ದೇನೆ. ದಣಿದಿದ್ದೇನೆ, ಬಿಟ್ಟಿಲ್ಲ.

ಈಗ ಆ ಟಾಕಿ ಇಲ್ಲ, ನೆರಳೂ ಇಲ್ಲ. ಮಕ್ಕಳು ಬಿಸಿಲು ತಪ್ಪಿಸಿ ಗೋಡೆಗೊತ್ತಿ ನಿಲ್ಲುತ್ತಾರೆ. ಮಹಬೂಬ ಚಾಚಾನ ಸ್ಟುಡಿಯೊ ಇದ್ದಲ್ಲಿ ಮೊಬೈಲ್ ಅಂಗಡಿ ಬಂದಿದೆ. ನಾಗಮ್ಮ ಆಯಿಯ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತು ಎಷ್ಟೋ ವರ್ಷ. ಖಾನಾವಳಿಯ ಒಣಗಿದ ಕಟಕ ರೊಟ್ಟಿಯನ್ನು ಎಡಗೈಯಲ್ಲಿ ಮುರಿದು ನೀರಿನಲ್ಲಿ ನೆನೆಸಿ ತಿನ್ನುತ್ತಾಳೆ.

ಕಡತ ಸಿಕ್ಕ ದಿನ ಅವಳೆದುರು ಕೂತು ಆ ಫೋಟೊ ತೋರಿಸಿದೆ. ಕುಂಕುಮದ ಕಥೆ ಅಂದೇ ಮೊದಲು ಅವಳಿಗೆ ಹೇಳಿದೆ. ತಪ್ಪು ನನ್ನದೂ ಇತ್ತು ಎಂದೆ. ಅವಳು ಎಡಗೈಯಿಂದ ಫೋಟೊವನ್ನು ನನ್ನ ಕಡೆ ಸರಿಸಿದಳು.

"ನಿನಗ ಆಗ ಒಂಬತ್ತು ವರ್ಷ," ಎಂದಳು. "ನೀ ಇವತ್ತರ ಹೇಳಿಬಿಟ್ಟಿ. ಆ ಕಚೇರ್ಯಾಗಿನವರಿಗೆ ಆಗ ಎಷ್ಟು ವರ್ಷ ಇತ್ತು, ಕೇಳಿ ಬಾ."