ರೇವವ್ವನ ಬಿಸಿ ರೊಟ್ಟಿ

ಹತ್ತೊಂಬತ್ತುನೂರ ಎಪ್ಪತ್ತೈದರ ಸುಮಾರಿಗೆ ಮೊರಬ ಊರಿನ ಒಂದು ಓಣಿಗೆ ಕೋಳಿಯೇ ಬೇಕಿರಲಿಲ್ಲ. ರೇವವ್ವ ರೊಟ್ಟಿ ಬಡಿಯುವ ಸಪ್ಪಳಕ್ಕೇ ಬೆಳಗಾಗುತ್ತಿತ್ತು. ಜ್ವರ ಬರಲಿ, ಮಳೆ ಹೊಡೆಯಲಿ, ಒಂದು ದಿನ ತಪ್ಪಿಸಿದವಳಲ್ಲ. “ಛಲ ಅಂದ್ರ ಅಕೀದು,” ಎಂದು ಬಾಜು ಮನೆಯ ಸುಶೀಲವ್ವ ತನ್ನ ಸೊಸೆಯರನ್ನು ಚುಚ್ಚುತ್ತಿದ್ದಳು.

ಗಂಡ ಮಡಿವಾಳೆಪ್ಪ ತೀರಿಕೊಂಡ ಮೇಲೆ ಆ ಸಪ್ಪಳ ನಿಂತಿತು. ತಿಂಗಳು ಕಳೆದರೂ ರೇವವ್ವ ಹಾಸಿಗೆ ಬಿಟ್ಟು ಏಳಲಿಲ್ಲ.

“ಏಳ ಬೇ ರೇವವ್ವ, ಮನಸ್ಸು ಗಟ್ಟಿ ಮಾಡ್ಕೋ,” ಎಂದು ಸುಶೀಲವ್ವ ಗದರಿದಳು.

“ನನ್ನ ಮನಸ್ಸು ಯಾವಾಗ ಗಟ್ಟಿ ಇತ್ತು? ನಮ್ಮ ಮನಿಯವ್ರು ನಸುಕಿನ್ಯಾಗ ಹೊಲಕ್ಕ ಹೋಗವ್ರು. ಅವ್ರಿಗೆ ಹಲ್ಲಿರಲಿಲ್ಲ, ತಂಗಳ ರೊಟ್ಟಿ ಹೆಂಗ್ ತಿಂತಾರ? ಅದಕ್ಕ ಏಳತಿದ್ದೆ.”

ಸುಶೀಲವ್ವ ಒಲೆ ಹೊತ್ತಿಸಿ, ಬಿಸಿ ರೊಟ್ಟಿ ಮಾಡಿ ಮುಂದಿಟ್ಟಳು. ಬಾಯ್ತುಂಬ ಹಲ್ಲಿದ್ದ ರೇವವ್ವ ಅದನ್ನು ಮುಟ್ಟದೆ, ಅದು ಆರಿ ಖಡಕ್ ಆಗುವವರೆಗೂ ನೋಡುತ್ತ ಕುಳಿತಳು.